26 ದಿನದ ಮಗು ರಾತ್ರಿಯಿಡೀ ಎಚ್ಚರ, ಬಜೆ-ಜಾಯಿಕಾಯಿ ತೇಯ್ದು ಕೊಡಬಹುದಾ?

ಹೊಸ ಬಾಣಂತಿ:

ಎಲ್ಲರಿಗೂ ನಮಸ್ಕಾರ. ನನಗೆ ಮೊದಲ ಹೆರಿಗೆ, ಹೆಣ್ಣು ಮಗು, ಇವತ್ತಿಗೆ 26 ದಿನ. ಬಾಣಂತನಕ್ಕೆ ಅರಸೀಕೆರೆ ಹತ್ತಿರ ಅಮ್ಮನ ಮನೆಯಲ್ಲಿದ್ದೇನೆ. ಮಗುವಿಗೆ ಎಣ್ಣೆ ನೀರೆಲ್ಲ ನಮ್ಮಜ್ಜಿಯದೇ. ಬೆಳಗ್ಗೆ ಹತ್ತಕ್ಕೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುತ್ತಾರೆ. ಆಮೇಲೆ ಹಾಲು ಕುಡಿದು ಮಲಗಿದರೆ ಮಧ್ಯಾಹ್ನ ಮೂರರವರೆಗೂ ಮಗು ಮಿಸುಕುವುದಿಲ್ಲ. ರಾತ್ರಿ ಹನ್ನೊಂದಾದರೆ ಸಾಕು, ಕಣ್ಣು ಪಿಳಿಪಿಳಿ. ತೊಟ್ಟಿಲಿಗೆ ಹಾಕಿದ ತಕ್ಷಣ ಅಳು, ಎತ್ತಿಕೊಂಡರೆ ಸುಮ್ನಿರುತ್ತಾಳೆ. ಬೆಳಗಿನ ಜಾವ ನಾಲ್ಕರವರೆಗೂ ಇದೇ ಕಥೆ. ನಾನೂ ಅಮ್ಮನೂ ಸರದಿ ಮೇಲೆ ಎತ್ತಿಕೊಂಡು ಓಡಾಡುತ್ತೇವೆ.

ಮೊದಲು ದೃಷ್ಟಿ ಅಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಈಗ ಅಜ್ಜಿ ಸಾಣೆಕಲ್ಲು ತೊಳೆದು ಇಟ್ಟಿದ್ದಾರೆ. ಬಜೆಯನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು ಒಂದು ಸುತ್ತು, ಜಾಯಿಕಾಯಿ ಒಂದು ಸುತ್ತು ತೇಯ್ದು, ಜೇನುತುಪ್ಪದಲ್ಲಿ ಕಲೆಸಿ ನಾಲಿಗೆಗೆ ಹಚ್ಚಿದರೆ ಮಗು ಬೆಳಗಿನವರೆಗೂ ಮಲಗುತ್ತೆ ಅಂತಾರೆ. ಆ ಕಲ್ಲಿನ ನಡುವೆ ತೇಯ್ದು ತೇಯ್ದು ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ಅಮ್ಮ, ಮಾವ, ನಾನು, ಎಲ್ಲರೂ ಅದರ ಮೇಲೆ ತೇಯ್ದದ್ದನ್ನೇ ನೆಕ್ಕಿ ಬೆಳೆದವರು. ಡಿಸ್ಚಾರ್ಜ್ ಆಗುವಾಗ ಡಾಕ್ಟರು ಮಾತ್ರ ಎದೆಹಾಲು ಬಿಟ್ಟು ಏನೂ ಕೊಡಬೇಡಿ ಅಂದಿದ್ದರು. ಅಜ್ಜಿಗೆ ಬೇಡ ಅನ್ನೋಕೆ ಬಾಯಿ ಬರ್ತಿಲ್ಲ. ಅವರ ಕೈಯಲ್ಲಿ ಇಷ್ಟೊಂದು ಮಕ್ಕಳು ಬೆಳೆದಿದ್ದಾರಲ್ವಾ. ಏನು ಮಾಡಲಿ?

ಮಲೆನಾಡಿನ ಅಮ್ಮ:

ತಂಗಿ, ನಿಮ್ಮ ಮಗುವಿಗೆ ಏನೂ ಆಗಿಲ್ಲ. ನನ್ನ ಇಬ್ಬರು ಮಕ್ಕಳೂ ಹೀಗೇ ಇದ್ದರು. ಹೊಟ್ಟೆಯಲ್ಲಿದ್ದಾಗ ನೀವು ಹಗಲು ಓಡಾಡುತ್ತಿದ್ದಿರಿ, ಅದು ಅವಳಿಗೆ ತೊಟ್ಟಿಲು ತೂಗಿದ ಹಾಗೆ. ನೀವು ರಾತ್ರಿ ಮಲಗಿದಾಗ ಅವಳು ಒದೆಯುತ್ತಿದ್ದಳು, ನೆನಪಿದೆಯಾ? ಆ ಅಭ್ಯಾಸ ಇನ್ನೂ ಹೋಗಿಲ್ಲ.

ಒಂದು ಕೇಳುತ್ತೇನೆ, ಬಾಣಂತಿ ಕೋಣೆ ಹೇಗಿದೆ? ನಮ್ಮ ಮನೆಯಲ್ಲಿ ಶೀತ ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಪರದೆ ಹಾಕಿ, ಸಣ್ಣ ಬಲ್ಬು ಹಚ್ಚಿಟ್ಟಿದ್ದರು. ಹಗಲೂ ಅದೇ ಬೆಳಕು, ರಾತ್ರಿಯೂ ಅದೇ ಬೆಳಕು. ಇನ್ನು ಮಗುವಿಗೆ ಹಗಲು ಯಾವುದು ಅಂತ ಗೊತ್ತಾಗುವುದು ಹೇಗೆ? ಎರಡನೇ ಬಾಣಂತನದಲ್ಲಿ ಬೆಳಗ್ಗೆ ಏಳಕ್ಕೇ ಕಿಟಕಿ ತೆಗೆಸಿದೆ. ಹಗಲು ಮಗು ಮಲಗಿದ್ದರೂ ಮಿಕ್ಸಿ, ಮಾತು, ಪಾತ್ರೆ ಸದ್ದು ಯಾವುದನ್ನೂ ನಿಲ್ಲಿಸಲಿಲ್ಲ. ಎರಡೂವರೆ ಮೂರು ಗಂಟೆ ಆದರೆ ಅಂಗಾಲು ಸವರಿ ಎಬ್ಬಿಸಿ ಹಾಲು ಕೊಡುತ್ತಿದ್ದೆ. ನಿಮ್ಮ ಮಗು ಹತ್ತೂವರೆಯಿಂದ ಮೂರರವರೆಗೆ ಒಂದೇ ಸಮ ಮಲಗಿದರೆ ಆ ಹೊತ್ತಿನ ಹಾಲನ್ನೆಲ್ಲ ರಾತ್ರಿ ಕೇಳದೆ ಇರುತ್ತಾಳಾ? ಇನ್ನು ರಾತ್ರಿ ಲೈಟು ಹಾಕಬೇಡಿ, ಮಾತಾಡಿಸಬೇಡಿ, ಮೊಬೈಲ್ ಬೆಳಕು ಮುಖಕ್ಕೆ ಬೀಳಬಾರದು. ಹಾಲು ಕೊಡಿ, ತೇಗಿಸಿ, ಮಲಗಿಸಿ. ಒಂದೇ ದಿನದಲ್ಲಿ ಸರಿಹೋಗಲ್ಲ, ನಮಗೆ ಸುಮಾರು ಮೂರು ವಾರ ಹಿಡಿಯಿತು.

ನರ್ಸ್ ಅಕ್ಕ:

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಮೊದಲು ಜೇನುತುಪ್ಪದ ವಿಷಯ. ದಯವಿಟ್ಟು ಒಂದು ತೊಟ್ಟೂ ಬೇಡ. ಜೇನಿನಲ್ಲಿ ಬೊಟ್ಯುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆದುಕೊಳ್ಳುತ್ತದೆ, ಎಳೆ ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ. ಮಗು ಬಟ್ಟೆಯ ಹಾಗೆ ಸಡಿಲವಾಗುತ್ತೆ, ಹಾಲು ಎಳೆಯೋಕೂ ಶಕ್ತಿ ಇರಲ್ಲ. ಒಂದು ವರ್ಷ ತುಂಬುವವರೆಗೂ ಜೇನು ಬೇಡ ಅನ್ನುವುದು ಇದಕ್ಕೇ.

ಬಜೆಯಲ್ಲಿ ಬೀಟಾ ಅಸರೋನ್ ಅಂತ ಒಂದು ಅಂಶ ಇದೆ. ಅದರಿಂದಾಗಿಯೇ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಸೇರಿಸಬಾರದು ಅಂತ ನಿಷೇಧಿಸಿದರು. ಜಾಯಿಕಾಯಿ ಜಾಸ್ತಿಯಾದರೆ ದೊಡ್ಡವರಿಗೇ ಮಂಪರು, ಎದೆ ಬಡಿತ ಬರುತ್ತದೆ. 'ಒಂದು ಸುತ್ತು' ಅನ್ನುವುದು ಅಳತೆಯೇ ಅಲ್ಲ. ನಿಮ್ಮಜ್ಜಿಯ ಒಂದು ಸುತ್ತು ಬೇರೆ, ನಿಮ್ಮಮ್ಮ ಒತ್ತಿ ತೇಯ್ದ ಸುತ್ತು ಬೇರೆ. ಹಾಗೆ ಮಲಗಿದ ಮಗು ನಿದ್ದೆ ಮಾಡ್ತಿದೆಯಾ, ಮಂಪರಿನಲ್ಲಿದೆಯಾ ಅಂತ ರಾತ್ರಿ ಎರಡು ಗಂಟೆಗೆ ಹೇಗೆ ತಿಳಿಯುತ್ತೀರಿ? ಆ ಮಂಪರಿನಲ್ಲಿ ಹಾಲು ಕುಡಿಯುವುದೂ ತಪ್ಪುತ್ತೆ.

ಹುಟ್ಟಿದ ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ, ಆದರೆ ಎರಡು ಮೂರು ಗಂಟೆಯ ತುಣುಕು ತುಣುಕಾಗಿ. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಅರಗುತ್ತೆ, ಅದಕ್ಕೇ ಏಳುತ್ತವೆ. ಹಗಲು ರಾತ್ರಿಯ ಲೆಕ್ಕ ಕೂರುವುದು ಎರಡು ಮೂರು ತಿಂಗಳ ಹೊತ್ತಿಗೆ. ಹಾಲು ಸಾಕಾಗ್ತಿದೆಯಾ ಅನ್ನುವುದಕ್ಕೆ ಉಚ್ಚೆ ನೋಡಿ. ದಿನಕ್ಕೆ ಆರು ಸಲವಾದರೂ ಒದ್ದೆಯಾಗಬೇಕು. ಆಶಾ ಕಾರ್ಯಕರ್ತೆ 28ನೇ ದಿನಕ್ಕೂ 42ನೇ ದಿನಕ್ಕೂ ಮನೆಗೆ ಬರಬೇಕು, ಆಗ ತೂಕ ಹಾಕಿಸಿ.

ಮಲಗಿಸುವಾಗ ಅಂಗಾತ. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಇಟ್ಟಿದ್ದರೆ ತೆಗೆದುಬಿಡಿ, ಪಕ್ಕದಲ್ಲಿ ಮೆತ್ತನೆಯ ಹೊದಿಕೆಯೂ ಬೇಡ. ಸೀರೆ ಜೋಲಿಯಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿಕೊಂಡು ಉಸಿರಿಗೆ ತೊಂದರೆ ಆಗಬಹುದು. ಎಚ್ಚರ ಇದ್ದಾಗ ಕಣ್ಣೆದುರು ತೂಗಿ, ಮಲಗಿದ ಮೇಲೆ ಸಮತಟ್ಟಾದ ಹಾಸಿಗೆಗೆ ಹಾಕಿ. ಸಾಂಬ್ರಾಣಿ ಹೊಗೆ ನಿಮ್ಮ ಕೂದಲಿಗೆ ಬೇಕಿದ್ದರೆ ಹಾಕಿಸಿಕೊಳ್ಳಿ, ಆಗ ಮಗು ಬೇರೆ ಕೋಣೆಯಲ್ಲಿರಲಿ. ಜ್ವರ 100.4 ದಾಟಿದರೆ, ಎಬ್ಬಿಸಿದರೂ ಹಾಲಿಗೆ ಬಾಯಿ ತೆರೆಯದಿದ್ದರೆ, ಉಸಿರಾಡುವಾಗ ಎದೆಗೂಡು ಒಳಕ್ಕೆ ಎಳೆದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಧಾರವಾಡದ ಅವ್ವ:

ಇಲ್ಲಿ ನಾನೇ ಹಿರಿಯಳು ಅನಿಸುತ್ತೆ, ಮೂರು ಮೊಮ್ಮಕ್ಕಳ ಬಾಣಂತನ ಮಾಡಿದ್ದೇನೆ. ನಮ್ಮ ಕಡೆ ಇದಕ್ಕೆ ಗುಟ್ಟಿ ಅಂತೀವಿ. ಬಜೆ, ಜಾಯಿಕಾಯಿ, ಅಳಲೆಕಾಯಿ, ಉತ್ತತ್ತಿ, ಬಾದಾಮಿ ಎಲ್ಲ ತೇಯ್ದು ಕುಡಿಸುತ್ತಿದ್ದೆವು. ನಾನೂ ಮೊದಲ ಮೊಮ್ಮಗನಿಗೆ ಹಾಕಿದೆ. ಒಂದು ಸಂಜೆ ಕೈ ಸ್ವಲ್ಪ ಭಾರವಾಯಿತೋ ಏನೋ, ಕೂಸು ರಾತ್ರಿ ಎಂಟಕ್ಕೆ ಮಲಗಿದ್ದು ಬೆಳಗ್ಗೆ ಐದಾದರೂ ಕಣ್ಣು ಬಿಡಲಿಲ್ಲ. ಕಿವಿ ಹಿಂಡಿದರೂ ಸಣ್ಣಗೆ ಮುಲುಕಿತು, ಅಷ್ಟೇ. ಸೊಸೆಯ ಎದೆ ಕಲ್ಲಾಗಿ, ಹಾಲು ಸೋರಿ ಸೀರೆ ತೊಯ್ದು ಹೋಗಿತ್ತು. ಆಸ್ಪತ್ರೆಗೆ ಒಯ್ದೆವು, ದೇವರ ದಯೆ, ಸಂಜೆಯ ಹೊತ್ತಿಗೆ ಎಚ್ಚರಾಯಿತು. ಅವತ್ತು ಸೊಸೆ ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಜಾಸ್ತಿ ಹತ್ತಿತು. ಅಂದಿನಿಂದ ನನ್ನದೊಂದೇ ಲೆಕ್ಕ, ಮೈಗೆ ಮಾಡುವುದೆಲ್ಲ ಮಾಡುತ್ತೇನೆ, ಬಾಯಿಗೆ ಹೋಗುವುದು ತಾಯಿ ಹಾಲೊಂದೇ.

ಅಜ್ಜಿಗೆ ಬೇಡ ಅಂತ ಮುಖಕ್ಕೆ ಹೇಳಬೇಡ ಮಗಳೇ. ನಮಗೆ ಕೆಲಸ ಬೇಕು, ಕೈ ಖಾಲಿ ಕೂರಿಸಿದರೆ ನೋವಾಗುತ್ತೆ. ಬೆಳಗ್ಗೆ ಎಳೆ ಬಿಸಿಲಿಗೆ ಮಗುವನ್ನು ಹೊರಗೆ ಒಯ್ಯಿರಿ ಅನ್ನು, ಅದು ಅವರಿಗೇ ಗೊತ್ತಿರುವ ಪದ್ಧತಿ. ಸಂಜೆ ಆರಕ್ಕೆ ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಕೈ ಕಾಲು ನೀವಿ ಅನ್ನು. ಕೂಸು ನಿದ್ದೆಯಲ್ಲಿ ನಕ್ಕರೆ ಹಣೆಬರಹ ಬರೆಯುವ ದೇವತೆ ಸೆಟಿವೆವ್ವ ನಗಿಸುತ್ತಾಳೆ, ಅತ್ತರೆ ಅವಳೇ ಅಳಿಸುತ್ತಾಳೆ ಅಂತ ನಮ್ಮವ್ವ ಹೇಳುತ್ತಿದ್ದಳು. ಅಂಥ ಮಾತು, ಜೋಗುಳ ಎಲ್ಲ ಅಜ್ಜಿಯಿಂದಲೇ ಮಗುವಿಗೆ ಸಿಗಬೇಕು.

ರಾತ್ರಿ ಪಾಳಿ ಅಪ್ಪ:

ಗಂಡಸರೂ ಬರೆಯಬಹುದು ಅಂದುಕೊಂಡಿದ್ದೇನೆ. ಮಗುವಿನ ನಿದ್ದೆಯ ಜೊತೆ ತಾಯಿಯ ನಿದ್ದೆಯನ್ನೂ ನೋಡಿ. ನನ್ನ ಹೆಂಡತಿ ಹದಿನೈದು ದಿನ ಸರಿಯಾಗಿ ಮಲಗದೆ ಸುಮ್ಸುಮ್ನೆ ಅಳುತ್ತಿದ್ದಳು. ಬಾಣಂತಿ ಅಂದರೆ ಹಾಗೇ ಅಂತ ಬಿಟ್ಟಿದ್ದು ನಮ್ಮ ತಪ್ಪು. ಆಮೇಲೆ ರಾತ್ರಿ ಒಂಬತ್ತರಿಂದ ಹನ್ನೆರಡು ಅವಳು ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು, ಹಾಲಿಗೆ ಮಾತ್ರ ಕರೆಯುತ್ತಿದ್ದೆ. ನಿಮ್ಮ ಯಜಮಾನರು ಶನಿವಾರ ಭಾನುವಾರ ಬರುವುದಾದರೆ ಆ ಎರಡು ರಾತ್ರಿ ಅವರಿಗೇ ಬಿಡಿ. ಎರಡು ವಾರ ಕಳೆದರೂ ಮನಸ್ಸು ಭಾರವೇ ಇದ್ದರೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಹೊಸ ಬಾಣಂತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅವ್ವ, ನೀವು ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ಕಿವಿ ಹಿಂಡಿದರೂ ಏಳಲಿಲ್ಲ ಅನ್ನುವಲ್ಲಿ ಎರಡು ಸಲ ಓದಿಸಿದರು. ಆಮೇಲೆ ಏನೂ ಮಾತಾಡದೆ ಒಳಗೆ ಹೋದರು. ನೊಂದುಕೊಂಡರೇನೋ ಅಂತ ಭಯವಾಯಿತು.

ಇವತ್ತಿಗೆ ಆರು ದಿನ. ಬೆಳಗ್ಗೆ ಏಳೂವರೆಗೆ ಅಜ್ಜಿಯೇ ಕಿಟಕಿ ತೆಗೆದು, ಮಗುವನ್ನು ಜಗಲಿಗೆ ಕರೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಹಾಲಿಗೆ ಎಬ್ಬಿಸುವುದು ಅಮ್ಮನ ಪಾಲು. ನಿನ್ನೆ ರಾತ್ರಿ ಒಂದೂವರೆಗೆ ಹಾಲು ಕುಡಿದು ಮಲಗಿದವಳು ನಾಲ್ಕಕ್ಕೆ ಎದ್ದಳು. ಎರಡೂವರೆ ಗಂಟೆ! ಆಶಾ ಅಕ್ಕ ತೂಕ ನೋಡಿ ಚೆನ್ನಾಗಿದೆ ಅಂದರು. ಸಾಣೆಕಲ್ಲು ಮತ್ತೆ ಅಡುಗೆಮನೆ ಗೂಡಿಗೆ ಹೋಗಿದೆ. ನನಗೆ ಶೀತ ಆಗಿದೆ ಅಂತ ನಿನ್ನೆ ಅದರ ಮೇಲೆ ಶುಂಠಿ ತೇಯ್ದು ನನ್ನ ಹಣೆಗೆ ಹಚ್ಚಿದರು.