ಸಹಾಯ ಬೇಕು: ಬಿಟ್‌ಕಾಯಿನ್ ಕೋರ್ ಬಿಲ್ಡ್ ಅರ್ಧಕ್ಕೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್ ನೆಟ್‌ವರ್ಕ್‌ಗೆ ಸೇರುವ ಸಾಫ್ಟ್‌ವೇರ್) ಅನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡುತ್ತಿದ್ದೇನೆ. ಉಬುಂಟು, 4 ಜಿಬಿ ರ್‍ಯಾಮ್, ಹಳೇ ಹಾರ್ಡ್ ಡಿಸ್ಕ್. ರೆಡಿ ಬೈನರಿ (ಮೊದಲೇ ಬಿಲ್ಡ್ ಆದ ಪ್ರೋಗ್ರಾಂ) ಸಿಗುತ್ತದೆ ಅಂತ ಗೊತ್ತು, ಅದನ್ನೇ ಹಾಕಿಕೊಳ್ಳಿ ಅನ್ನಬೇಡಿ, ನಾನೇ ಬಿಲ್ಡ್ ಮಾಡಿ ನೋಡಬೇಕು ಅನ್ನೋದೇ ಆಸೆ.

ಸಿಮೇಕ್ ಹಂತ (ಬಿಲ್ಡ್‌ಗೆ ತಯಾರಿ) ಸಲೀಸಾಗಿ ಮುಗಿಯುತ್ತದೆ, ಬೂಸ್ಟ್, ಲಿಬ್‌ಇವೆಂಟ್, ಎಸ್‌ಕ್ಯೂಲೈಟ್, ಬೇಕಾದ ಲೈಬ್ರರಿಗಳೆಲ್ಲಾ ಸಿಕ್ಕಿವೆ. ಆಮೇಲೆ 8 ಜಾಬ್ (ಕಂಪೈಲ್ ಕೆಲಸ) ಒಟ್ಟಿಗೆ ಓಡಿಸಿದರೆ ಸ್ವಲ್ಪ ಹೊತ್ತಿಗೆ ಮೌಸ್ ಕೂಡ ಅಲ್ಲಾಡುವುದಿಲ್ಲ, ಕೊನೆಗೆ ಕಂಪೈಲರ್ 'ಕಿಲ್ಡ್' ಅಂತ ಬಂದು ನಿಲ್ಲುತ್ತದೆ. ಮೆಮೊರಿ ಸಾಲದೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ಮುಗಿಸುತ್ತಿದೆ, ಲಾಗ್‌ನಲ್ಲೂ ಅದೇ ಇದೆ. ಕನಿಷ್ಠ 1.5 ಜಿಬಿ ಮೆಮೊರಿ ಇರಲಿ ಅಂತ ಬಿಟ್‌ಕಾಯಿನ್ ಕೋರ್‌ನ ಬಿಲ್ಡ್ ಸೂಚನೆಯಲ್ಲೇ ಇದೆ, 8 ಜಾಬ್‌ಗೆ ಅದು ಎಲ್ಲಿಗೆ ಸಾಕು ಅಲ್ವಾ?

ಒಂದೇ ಜಾಬ್ ಕೊಟ್ಟರೆ ಮುಂದೆ ಹೋಗುತ್ತದೆ, ಆದರೆ ಆಮೆ ವೇಗ. ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಜಾಸ್ತಿ ಮಾಡಲಾ, ಜಿಸಿಸಿ ಕಂಪೈಲರ್ ಬಿಟ್ಟು ಕ್ಲಾಂಗ್ ಕಂಪೈಲರ್ ಹಾಕಲಾ? ಟೆಸ್ಟ್‌ಗಳನ್ನು ಆಫ್ ಮಾಡಿದರೆ ಎಷ್ಟು ಹಗುರಾಗುತ್ತದೆ? ಹಳೇ ಗೈಡ್‌ಗಳೆಲ್ಲ ಸುಮ್ನೆ ಆಟೋಜೆನ್, ಕಾನ್ಫಿಗರ್ (ಹಳೇ ಬಿಲ್ಡ್ ಸ್ಕ್ರಿಪ್ಟ್‌ಗಳು) ಅಂತಿವೆ, 2025ರ 29ನೇ ಆವೃತ್ತಿಯಿಂದ ಅವು ಇಲ್ಲವೇ ಇಲ್ಲ. ಕಡಿಮೆ ರ್‍ಯಾಮ್‌ನಲ್ಲಿ ಮಾಡಿದವರು ನಿಮ್ಮ ಸೆಟ್ಟಿಂಗ್ ಹಾಕಿ, ಪ್ಲೀಸ್.

ಇನ್ನೊಂದು: ಪ್ರೂನ್ 550 (ಹಳೇ ಬ್ಲಾಕ್‌ಗಳನ್ನು ಅಳಿಸಿ ಸುಮಾರು 550 ಎಂಬಿಯಷ್ಟೇ ಇಟ್ಟುಕೊಳ್ಳುವ ಸೆಟ್ಟಿಂಗ್) ಇಟ್ಟರೆ ಈ ಡಿಸ್ಕ್‌ನಲ್ಲಿ ಮೊದಲ ಸಿಂಕ್ (ಪೂರ್ತಿ ಬ್ಲಾಕ್‌ಚೈನ್ ಇಳಿಸಿ ಪರಿಶೀಲಿಸುವುದು) ಮುಗಿಯುತ್ತಾ?