ಬಯಲಾಟದ ಪೋಸ್ಟರ್: ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತದೆ, ಹೆಸರುಗಳಿಗೆ ಜಾಗ ಸಾಲ್ತಿಲ್ಲ

ಬಡಗುಪ್ರಿಯ, ಶಿರಸಿ:
ಊರಿನ ಯಕ್ಷಗಾನ ಬಯಲಾಟಕ್ಕೆ ಎ3 ಪೋಸ್ಟರ್, ಜೊತೆಗೆ 6×4 ಅಡಿ ಬ್ಯಾನರ್ ಮಾಡ್ತಾ ಇದ್ದೇನೆ. ಪ್ರಸಂಗ (ಆಡುವ ಕಥೆ) ‘ಭೀಷ್ಮ ವಿಜಯ’. ಎರಡು ಸಾಲಲ್ಲಿ ದಪ್ಪಗೆ ಹಾಕಿದರೆ ‘ಷ್ಮ’ದ ಒತ್ತು ಕೆಳಗಿನ ‘ಜ’ದ ತಲೆಯ ಮೇಲೆ ಕೂರ್ತದೆ. ಸಾಲು ದೂರ ಮಾಡಿದರೆ ಎರಡು ಪ್ರಸಂಗದ ಹೆಸರಿನ ಹಾಗೆ ಕಾಣ್ತದೆ. ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳ (ವೇಷಧಾರಿಗಳು) ಸೇರಿ ಹದಿನಾಲ್ಕು ಹೆಸರು, ಒಂದನ್ನೂ ಬಿಡುವ ಹಾಗಿಲ್ಲ. ಭೀಷ್ಮನ ವೇಷದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಯಾವುದನ್ನು ಮೊದಲು ಸರಿ ಮಾಡಲಿ?

ಅಚ್ಚುಮೊಳೆ, ಕುಮಟಾ:
ಮೊದಲು ಅಕ್ಷರ. ಇಂಗ್ಲಿಷಿಗೆ ಅಕ್ಷರದ ಅಳತೆಯ 120% ಸಾಲಿನ ಅಂತರ ಸಾಕಾಗುತ್ತದೆ, ಸಾಫ್ಟ್‌ವೇರ್ ತಾನಾಗಿ ಕೊಡುವುದೂ ಸುಮಾರು ಅಷ್ಟೇ. ಕನ್ನಡದಲ್ಲಿ ಮೇಲೆ ಗುಡಿಸು (‘ಕಿ’ಯಲ್ಲಿನ ಇಕಾರದ ಗುರುತು), ಕೆಳಗೆ ಒತ್ತು, ವಟ್ರಸುಳಿ (‘ಕೃ’ದಲ್ಲಿನ ಗುರುತು). ಸಣ್ಣ ಅಕ್ಷರದ ಸಾಲುಗಳಿಗೆ 150ರಿಂದ 160% ಕೊಡಿ. ಶೀರ್ಷಿಕೆಗೆ ಲೆಕ್ಕ ನೋಡಬೇಡಿ, ಕಣ್ಣಳತೆಯಲ್ಲೇ ಕೂರಿಸಿ: ‘ವಿಜಯ’ವನ್ನು ಬಲಕ್ಕೆ ಸರಿಸುತ್ತ ಹೋಗಿ, ‘ಷ್ಮ’ದ ಒತ್ತು ‘ವಿ’ಯ ಎಡಬದಿಯ ಖಾಲಿ ಜಾಗಕ್ಕೆ ಇಳಿಯುತ್ತದೆ. ಆಮೇಲೆ ಸಾಲನ್ನು ಮೇಲೆತ್ತಿದರೂ ತಾಗುವುದಿಲ್ಲ, ಎರಡೂ ಪದ ಒಂದೇ ಹೆಸರಾಗಿ ಓದಿಸಿಕೊಳ್ಳುತ್ತವೆ. ನಡುವಿಗೆ ಜೋಡಿಸಲೇಬೇಕೆಂಬ ಹಟ ಬೇಡ.

ಹಳದಿ ಅಂಚು, ಅದರ ಹೊರಗೆ ಬಿಳಿ ಅಂಚು, ಮೇಲಿಂದ ನೆರಳು, ದಯವಿಟ್ಟು ಇದನ್ನು ಮಾಡಬೇಡಿ. ಒತ್ತಿನ ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗಿ ‘ಷ್ಮ’ ಬರೀ ಕಲೆಯಾಗಿ ಕಾಣುತ್ತದೆ. ಒಂದು ಬಣ್ಣ, ಹಿಂದೆ ಅದಕ್ಕೆ ವಿರುದ್ಧವಾದ ಗಾಢ ಬಣ್ಣ ಸಾಕು. ಅಕ್ಷರವನ್ನು ಅಡ್ಡಕ್ಕೆ ಎಳೆದು ಹಿಗ್ಗಿಸಬೇಡಿ. ಅನೆಕ್ ಕನ್ನಡ ಎಂಬ ಫಾಂಟಿನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ರೂಪಗಳೂ ಇವೆ, ಉಚಿತ. ಶೀರ್ಷಿಕೆಗೂ ಹೆಸರುಗಳಿಗೂ ಅದೊಂದೇ ಸಾಕು.

ಫೋಟೊಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ‘ಷ್‌ಮ’ ಎಂದು ಬಂದರೆ ದೋಷ ಫಾಂಟಿನದೇ ಆಗಬೇಕೆಂದಿಲ್ಲ. ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರುವ ಹಳೆಯ ಆವೃತ್ತಿಯಾದರೆ ಅದನ್ನು ಹಾಕಿ.

ಕಡಲಂಚು, ಕಾರವಾರ:
ಫೋಟೊದ ಬಗ್ಗೆ. ಎ3ಯ ಉದ್ದ 420 ಮಿ.ಮೀ., ಇಂಚಿಗೆ 300 ಪಿಕ್ಸೆಲ್ ಅಂದರೆ 4961 ಬೇಕು. ವಾಟ್ಸ್‌ಆ್ಯಪ್ ಕುಗ್ಗಿಸಿ ಕಳಿಸಿದ ಚಿತ್ರದ ಉದ್ದ ಬದಿ 1600 ಇದ್ದರೆ, ಪೂರ್ತಿ ಎತ್ತರಕ್ಕೆ ಹಿಗ್ಗಿಸಿದಾಗ ಇಂಚಿಗೆ 97 ಮಾತ್ರ. ತೆಗೆದವರ ಹತ್ತಿರ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲಿಕ್ಕೆ ಹೇಳಿ.

ಕತ್ತರಿಸುವಾಗ ಕಿರೀಟದ ತುದಿ ಮುಟ್ಟಬೇಡಿ, ಮೇಲೆ ಒಂದಿಷ್ಟು ಉಸಿರು ಇರಲಿ. ಮೊಣಕಾಲು, ಮಣಿಕಟ್ಟಿನಂಥ ಗಂಟಿನಲ್ಲಿ ಕತ್ತರಿಸಿದರೆ ಅಂಗವೇ ತುಂಡಾದಂತೆ ಕಾಣುತ್ತದೆ. ತೊಡೆಯ ನಡುವೆ ಅಥವಾ ಸೊಂಟದ ಮೇಲೆ ಕತ್ತರಿಸಿ. ಭೀಷ್ಮ ಬಲಕ್ಕೆ ನೋಡುತ್ತಿದ್ದರೆ ವೇಷವನ್ನು ಎಡಕ್ಕಿಟ್ಟು ಅಕ್ಷರವನ್ನು ಬಲಕ್ಕೆ ಹಾಕಿ, ಓದುವವರ ಕಣ್ಣೂ ಅತ್ತಲೇ ಹೋಗುತ್ತದೆ. ಜಾಗ ಸಾಲದೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಬಲಗೈಯ ಬಾಣ ಎಡಗೈಗೆ ಬರುತ್ತದೆ. ಆಟ ಬಲ್ಲವರು ತಕ್ಷಣ ಹಿಡಿಯುತ್ತಾರೆ.

ಬಡಗುಪ್ರಿಯ, ಶಿರಸಿ:
ಶೀರ್ಷಿಕೆ ಸರಿಸಿ ನೋಡಿದೆ, ಕೂತಿತು ಮಾರಾಯ್ರೇ. ಹೆಸರುಗಳು, ಬ್ಯಾನರ್?

ಗೇರುಸೊಪ್ಪೆ, ಹೊನ್ನಾವರ:
ಹದಿನಾಲ್ಕನ್ನೂ ಒಂದೇ ಗಾತ್ರದಲ್ಲಿ ಹಾಕಿ, ದೊಡ್ಡದು ಸಣ್ಣದು ಮಾಡಲು ಹೋದರೆ ಮನಸ್ತಾಪ. ಹಿಮ್ಮೇಳ, ಮುಮ್ಮೇಳ ಎಂದು ಎರಡು ಗುಂಪು, ಎಡ ಅಂಚಿಗೆ ಸಾಲಾಗಿ, 18 ಪಾಯಿಂಟ್. ಗುಂಪುಗಳ ನಡುವಿನ ಅಂತರ ಹೆಸರುಗಳ ನಡುವಿನ ಅಂತರಕ್ಕಿಂತ ಎರಡು ಪಟ್ಟಾದರೂ ಇರಲಿ, ಆಗ ಗೆರೆಯಾಗಲಿ ಚೌಕಟ್ಟಾಗಲಿ ಬೇಡ. ಪ್ರಸಂಗದ ನಂತರ ಕಣ್ಣಿಗೆ ಬೀಳಬೇಕಾದದ್ದು ದಿನ, ಹೊತ್ತು, ಸ್ಥಳ. ಇವು ಮೂರೂ ಒಂದೇ ಕಡೆ ಇರಲಿ.

ಬ್ಯಾನರಿಗೆ ಎ3ಯನ್ನೇ ಹಿಗ್ಗಿಸಬೇಡಿ, ಅದು ನಿಂತ ಹಾಳೆ, ಇದು ಮಲಗಿದ ಆಕಾರ. ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ ಎಂಬುದು ಲೆಕ್ಕ. ರಸ್ತೆಯಾಚೆ 50 ಅಡಿಯಿಂದ ಓದಬೇಕಾದರೆ 5 ಇಂಚು. ಇದು ಒತ್ತು, ಗುಡಿಸು ಬಿಟ್ಟು ಬರೀ ಅಕ್ಷರದ ಮೈಯ ಅಳತೆ. ಇಲ್ಲಿ ಕಲಾವಿದರ ಪಟ್ಟಿ ಬೇಡ, ಅದಕ್ಕೆ ಪೋಸ್ಟರ್ ಇದೆ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ, ಬಟ್ಟೆಯಲ್ಲೇ ಮಾಡಿಸಿ. ಬಟ್ಟೆಯಲ್ಲಿ ಶಾಯಿ ಹರಡುವುದರಿಂದ ತೀರ ತೆಳು ಗೆರೆಯ ಫಾಂಟ್ ನಿಲ್ಲುವುದಿಲ್ಲ. 6×4 ಅಡಿಗೆ ಇಂಚಿಗೆ 72 ಪಿಕ್ಸೆಲ್, ಅಂದರೆ 5184×3456 ಸಾಕು.

ಪ್ರೆಸ್ಸಿಗೆ ಕೊಡುವ ಮೊದಲು ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನೆಲ್ಲ ಆಕೃತಿಯಾಗಿಸಿ, ತಿದ್ದುವ ಪ್ರತಿ ಬೇರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದೆ ಒತ್ತು ಚದುರುತ್ತದೆ. ಹಾಳೆ ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಪೋಸ್ಟರಿನ ಸುತ್ತ ಬಣ್ಣವನ್ನು 3 ಮಿ.ಮೀ. ಹೆಚ್ಚುವರಿಯಾಗಿ ಹೊರಗೆ ಚಾಚಿಡಿ.