‘ನಮ್ಮ ಮನಿ ಮಂದಿ’ ಗುಂಪಿನಲ್ಲಿ ಹಾರ್ಬರ್ ಹರಾಜು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಪುಣೆ ಅಣ್ಣ ಒಂದು ಫೋಟೊ ಹಾಕಿದ. ಯಾವುದೋ ಇಂಗ್ಲಿಷ್ ಪೇಪರಿನ ತುಂಡು. ಅರ್ಧ ಕತ್ತರಿಸಿದ್ದು, ಅಕ್ಷರವೆಲ್ಲ ಮಸುಕು. ಕಣ್ಣಿಗೆ ಬೀಳುತ್ತಿದ್ದದ್ದು ಮೂರೇ: ಬಂದರು, 98 ವರ್ಷ, 340 ಮಿಲಿಯನ್. ಅದರ ಕೆಳಗೆ ಅಣ್ಣನ ಕನ್ನಡ.

ಪುಣೆ ಅಣ್ಣ: ನೋಡ್ರಪ್ಪಾ, ಹಾರ್ಬರ್ ಕೊಟ್ಟೇಬಿಟ್ಟರು. 98 ವರ್ಷಕ್ಕೆ! ಊರಿನ ಉದ್ಧಾರಕ್ಕೆ 340 ಮಿಲಿಯನ್ ಅಂತೆ. ವಾಸ್ಕೊದವರು ಪಾರ್ಟಿ ಕೊಡಬೇಕು.

ಗುಂಪಿನ ಹೆಸರು ‘ನಮ್ಮ ಮನಿ ಮಂದಿ’. 37 ಜನ. ಅರ್ಧಕ್ಕರ್ಧ ಗೋವಾದ ವಾಸ್ಕೊದಲ್ಲಿ, ಉಳಿದವರು ಬಾಗಲಕೋಟೆ, ಹುಬ್ಬಳ್ಳಿ, ಪುಣೆ. ಅಡ್ಮಿನ್ ನಾನು. ನನ್ನದು ಝೆರಾಕ್ಸ್ ಅಂಗಡಿ. ಹೇಗೂ ದಿನವಿಡೀ ಖಾಲಿ ಕೂತಿರುತ್ತಾನೆ ಅಂತ ಈ ಕೆಲಸ ನನ್ನ ಕೊರಳಿಗೆ ಕಟ್ಟಿದ್ದಾರೆ.

ವಾಸ್ಕೊದವರಿಗೆ ಹಾರ್ಬರ್ ಅಂದರೆ ಒಂದೇ ಹಾರ್ಬರ್, ಮಾರ್ಮಗೋವಾ. ಹಾಗಾಗಿ ಯಾವ ಹಾರ್ಬರ್ ಅಂತ ಯಾರೂ ಕೇಳಲಿಲ್ಲ.

ಸಡಾ ಕಾಕಾ: ನಾನು ಆಗಲೇ ಹೇಳಿದ್ದೆ. ಯಾರೂ ಕೇಳಲಿಲ್ಲ. ಮೈಮುರಿದು ದುಡಿದವರು ನಾವು, ಹರಾಜು ಹಾಕುವವರು ಇನ್ಯಾರೋ. ಈಗಿನ ಹುಡುಗರಿಗೆ ಬೆವರಿನ ಬೆಲೆ ಗೊತ್ತಿಲ್ಲ. ಮೊದಲು ಮೊಬೈಲ್ ಕೆಳಗಿಡಿ.

ಇದನ್ನು ಕಾಕಾ ಮೊಬೈಲಿನಲ್ಲೇ ಬರೆದದ್ದು. ಹಾರ್ಬರಿನಲ್ಲಿ 31 ವರ್ಷ ಮಾಲು ಎತ್ತಿಳಿಸುವ ವಿಂಚ್ ಓಡಿಸಿದವರು. ರಿಟೈರ್ ಆದ ಮೇಲೆ ಎಲ್ಲದಕ್ಕೂ ‘ನಾನು ಆಗಲೇ ಹೇಳಿದ್ದೆ’. ಮಳೆ ಬಂದರೂ.

ಹುಬ್ಬಳ್ಳಿ ಮಾವ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದರು. ಅವರು ಮೇಲಿನದನ್ನು ಯಾವತ್ತೂ ಓದುವುದಿಲ್ಲ. ಈ ಗುಂಪಿನಲ್ಲಿ ಯಾರ ಜೊತೆಗೂ ಜಗಳವಿಲ್ಲದವರು ಅವರೊಬ್ಬರೇ.

ತಂಗಿ: ಅಣ್ಣಾ, ಯಾವ ಪೇಪರ್ ಇದು? ತಾರೀಖು ಎಲ್ಲಿ? ಪೂರ್ತಿ ಪುಟ ಹಾಕು.

ಪುಣೆ ಅಣ್ಣ: ಆಫೀಸ್ ಗ್ರೂಪಿನಲ್ಲಿ ಬಂತು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?

ತಂಗಿ: ಇದು ಹೊಗೆ ಅಲ್ಲ ಅಣ್ಣಾ, ಫಾರ್ವರ್ಡು.

ತಂಗಿ ಪಣಜಿಯಲ್ಲಿ ಒಬ್ಬ ಸಿಎ ಹತ್ತಿರ ಕೆಲಸ ಮಾಡುತ್ತಾಳೆ. ಮದುವೆ ಕಾರ್ಡಿನಲ್ಲಿ ಮುಹೂರ್ತ ಓದಿದರೂ ಪಂಚಾಂಗ ತೆಗೆದು ತಾಳೆ ನೋಡುವವಳು. ಇಪ್ಪತ್ತು ನಿಮಿಷಕ್ಕೆ ಹುಡುಕಿ ತಂದಳು.

ತಂಗಿ: ಇದು ನಮ್ಮದಲ್ಲ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರು. ಅದೂ ಕಲ್ಲಿದ್ದಲಿನ ಬಂದರೇ. 2014ರ ಸುದ್ದಿ. ಅಲ್ಲಿನ ರಾಜ್ಯ ಸರ್ಕಾರ 98 ವರ್ಷಕ್ಕೆ ಲೀಸ್ ಕೊಟ್ಟು 175 ಕೋಟಿ ಡಾಲರ್ ತೆಗೆದುಕೊಂಡಿತು. ಅದರಲ್ಲಿ 34 ಕೋಟಿ ಡಾಲರ್ ಆ ಊರಿಗೇ ಅಂತ ಇಟ್ಟರು. ಅದೇ ನಿಮ್ಮ 340 ಮಿಲಿಯನ್.

ಬೇರೆ ಮನೆತನ ಆಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು, ಅಲ್ವಾ?

ಬೈನಾ ಅತ್ತಿ: ಆಸ್ಟ್ರೇಲಿಯಾ ಆದರೇನು, ನಾಳೆ ಇಲ್ಲಿಗೂ ಬರುತ್ತದೆ.

ಸಡಾ ಕಾಕಾ: ಅಕ್ಕ ಹೇಳಿದ್ದು ಬರೋಬರಿ.

ಪುಣೆ ಅಣ್ಣ: ಹಾಗಾದರೆ ನಾನು ಸುಳ್ಳು ಹಬ್ಬಿಸುತ್ತೇನೆ ಅಂತಾನಾ?

ತಂಗಿ: ನಾನು ಹಾಗೆ ಹೇಳಲಿಲ್ಲ. ಆದರೆ 2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅಂದವನು ನೀನೇ. ಅಪ್ಪ ಆ ನೋಟು ಒಡೆಸಲು ಹೆದರಿ ಎರಡು ತಿಂಗಳು ಹಾಸಿಗೆ ಕೆಳಗೆ ಇಟ್ಟಿದ್ದರು.

ಪುಣೆ ಅಣ್ಣ: ದೊಡ್ಡವರ ಜೊತೆ ಮಾತಾಡುವ ರೀತಿನಾ ಇದು?

ಚಿಪ್ಪಿನ ಮೇಲೆ ಹದಿನೈದು ಮೆಸೇಜು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಸಣ್ಣ ಕಾಕಾನ ಮಗ ಎದ್ದ. ಅವನಿಗೆ ಬೇಕಾದದ್ದು ಹಾರ್ಬರ್ ಅಲ್ಲ, ಹಾರ್ಬರಿಗೆ ಬರುತ್ತಿದ್ದ ರೈಲು. ಆಗ ಮೀಟರ್ ಗೇಜ್. ಲೋಂಡಾದಲ್ಲಿ ಗಾಡಿ ಎಷ್ಟೋ ಹೊತ್ತು ನಿಲ್ಲುತ್ತಿತ್ತು. ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿಯುವಾಗ ಅಜ್ಜಿ ಬುತ್ತಿ ಬಿಚ್ಚುತ್ತಿದ್ದಳು. ದೂಧಸಾಗರದ ನೀರು ಕಿಟಕಿಯಿಂದ ಮುಖಕ್ಕೆ ಸಿಡಿಯುವ ಹೊತ್ತಿಗೆ ಕೈಯಲ್ಲಿ ಖಡಕ್ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಮೊಸರು. ವಾಸ್ಕೊದಲ್ಲಿ ಇಳಿದರೆ ಎಲ್ಲೆಲ್ಲೂ ಅದಿರಿನ ಕೆಂಪು. ಅಜ್ಜನ ಅಂಗಿಯ ಕಾಲರ್ ಎಷ್ಟು ಒಗೆದರೂ ಕೆಂಪೇ.

ಶೇಂಗಾ ಚಟ್ನಿಯೋ ಗುರೆಳ್ಳು ಚಟ್ನಿಯೋ ಅಂತ ಅರ್ಧ ಗಂಟೆ ನಡೆಯಿತು. ಇಡೀ ದಿನದಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗದ ಅರ್ಧ ಗಂಟೆ ಅದೊಂದೇ. ಗುರೆಳ್ಳು ಅಂತ ನನಗೆ ಚೆನ್ನಾಗಿ ನೆನಪಿದೆ. ಅಡ್ಮಿನ್ ಅಂತ ಸುಮ್ಮನಿದ್ದೆ.

ಮಾತನ್ನು ಮತ್ತೆ ಹಾರ್ಬರಿಗೆ ಎಳೆದು ತಂದವನು ಅಕ್ಕನ ಮಗ. ಬಿ.ಕಾಂ. ಕೊನೆಯ ವರ್ಷ.

ಅಕ್ಕನ ಮಗ: ಭಯ ಯಾಕೆ? ಸಿಎಸ್‌ಆರ್ ಇದೆಯಲ್ಲ, ಕಂಪನಿಗಳ ಸಾಮಾಜಿಕ ಹೊಣೆ. ಕಂಪನಿಯವರು ಲಾಭದಲ್ಲಿ 2% ಊರಿಗೆ ಕೊಡಲೇಬೇಕು. ಕಾನೂನು.

ಬೈನಾ ಅತ್ತಿ: ಕೊಟ್ಟಿದ್ದಾರಲ್ಲ ಮಗಾ. ನಮ್ಮ ಓಣಿಯ ಮುಂದೆ ಒಂದು ಕಂಪನಿ ಬಸ್ ಸ್ಟಾಪ್ ಕಟ್ಟಿಸಿದೆ. ಬೋರ್ಡು ಇಷ್ಟಗಲ, ನೆರಳು ಇಷ್ಟು. ಬಸ್ಸು ಅದರಿಂದ ನೂರು ಹೆಜ್ಜೆ ಮುಂದೆ ನಿಲ್ಲುತ್ತದೆ.

ಆಗ ತಂಗಿ ಒಂದು ಉದ್ದದ ಮೆಸೇಜು ಬರೆದಳು. ‘ಇನ್ನಷ್ಟು ಓದಿ’ ಅಂತ ಕಾಣುವಷ್ಟು ಉದ್ದ. ಆ ಇನ್ನಷ್ಟನ್ನು ಒತ್ತಿದವನು ನಾನೊಬ್ಬನೇ ಇರಬೇಕು. ಅವಳು ಬರೆದದ್ದು ಇಷ್ಟು. ಮಾರ್ಮಗೋವಾವನ್ನು ಯಾರಿಗೂ ಇಡಿಯಾಗಿ ಮಾರಿಲ್ಲ. 1963ರಿಂದ ಅದು ಕೇಂದ್ರದ ಮೇಜರ್ ಪೋರ್ಟ್, ಈಗಲೂ ಅದೇ. ನೆಲ, ನೀರು ಬಂದರಿನದು. ಒಂದೊಂದು ಬರ್ತ್, ಅಂದರೆ ಹಡಗು ಕಟ್ಟುವ ಜಾಗ, ಮಾತ್ರ 30 ವರ್ಷದ ಕರಾರಿನ ಮೇಲೆ ಕಂಪನಿಗಳ ಕೈಯಲ್ಲಿದೆ. 5ಎ, 6ಎ ಬರ್ತುಗಳ ಕರಾರು 1999ರದ್ದು, 7ನೇ ಬರ್ತಿನದು 2009ರದ್ದು. ಮನೆ ಮಾರದೆ ಕೋಣೆ ಬಾಡಿಗೆಗೆ ಕೊಟ್ಟ ಹಾಗೆ. ಬಾಡಿಗೆ ಹೋಗುವುದು ಬಂದರಿಗೆ, ಊರಿಗಲ್ಲ.

ಇನ್ನು 2%. ಅದು ದೊಡ್ಡ ಕಂಪನಿಗಳಿಗೆ ಮಾತ್ರ. ಹಿಂದಿನ ಮೂರು ವರ್ಷದ ಲಾಭದ ಸರಾಸರಿಯ ಮೇಲೆ ಲೆಕ್ಕ. ಲಾಭ ತೋರಿಸದಿದ್ದರೆ ಸೊನ್ನೆಯಲ್ಲಿ 2% ಎಷ್ಟು? ತಾನು ಕೆಲಸ ಮಾಡುವ ಊರಿಗೆ ಮೊದಲ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಆದರೆ ಶಾಲೆಗೋ ಆಸ್ಪತ್ರೆಗೋ ಬಸ್ ಸ್ಟಾಪಿಗೋ ಅಂತ ಆರಿಸುವವರು ಕಂಪನಿಯವರೇ. 2021ರ ಬಂದರು ಕಾಯ್ದೆಯಲ್ಲೂ ಜನರ ಶಿಕ್ಷಣ, ಆರೋಗ್ಯ, ವಸತಿಗೆ ಬಂದರಿನ ಹಣ ಬಳಸುವ ಮಾತಿದೆ.

ತಂಗಿ: ಅಲ್ಲಿ ಬಳಸಬೇಕು ಅಂತ ಇಲ್ಲ ಕಾಕಾ, ಬಳಸಬಹುದು ಅಂತ ಇದೆ. ನ್ಯೂಕ್ಯಾಸಲ್‌ನಲ್ಲಿ ಊರಿನ ಪಾಲು ಇಷ್ಟು ಅಂತ ಮೊದಲೇ ಅಂಕಿ ಹೇಳಿದ್ದರು. ಒಟ್ಟು ದುಡ್ಡಿನ ಐದರಲ್ಲಿ ಒಂದು ಪಾಲು. ಆದರೂ ಜಗಳ ತಪ್ಪಲಿಲ್ಲ. ಊರೊಳಗೆ ಬರುತ್ತಿದ್ದ ರೈಲನ್ನು 2014ರ ಡಿಸೆಂಬರಿನಲ್ಲಿ ನಿಲ್ಲಿಸಿ, 2019ರಲ್ಲಿ 2.7 ಕಿಲೋಮೀಟರ್ ಟ್ರಾಮ್ ಕೊಟ್ಟರು. ಇದ್ದದ್ದನ್ನು ಕಿತ್ತುಕೊಂಡು ಇದೇನು ಅಂತ ಅಲ್ಲಿನವರೂ ಕೇಳಿದರು.

ಇದಕ್ಕೆ ಬಂದದ್ದು ಎರಡು ಹೆಬ್ಬೆಟ್ಟು. ಒಂದು ಹುಬ್ಬಳ್ಳಿ ಮಾವನದು. ಮೂರನೆಯದಾಗಿ ಬಂದದ್ದು ಅತ್ತಿಯ ಮಾತು.

ಬೈನಾ ಅತ್ತಿ: ಬಹುದು, ಬಹುದು. ನಮ್ಮಪ್ಪನೂ ಹಾಗೇ ಅಂದಿದ್ದ. ನವನಗರದಲ್ಲಿ ಸೈಟು ಬಂದರೆ ನಿನಗೂ ಒಂದು ಪಾಲು ಕೊಡಬಹುದು ಅಂತ. ಬಂತು. ಕೊಟ್ಟರಾ?

ಗುಂಪು ಗಪ್‌ಚಿಪ್. ಹೊರಗಿನವರಿಗೆ ಹೇಳುತ್ತೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಜಾಗ ಹೋಯಿತು, ಸುತ್ತಲಿನ ಎಷ್ಟೋ ಹಳ್ಳಿ ಹೋದವು, ನಮ್ಮ ಹೊಲವೂ ಹೋಯಿತು. ನಮ್ಮ ಕಡೆ ಅದಕ್ಕೆ ‘ಮುಳುಗಡೆ’ ಅಂತಲೇ ಹೆಸರು. ಜಾಗ ಕಳಕೊಂಡವರಿಗೆ ಕಟ್ಟಿದ ಹೊಸ ಊರೇ ನವನಗರ. ಮುಳುಗಿದ್ದು ಹೊಲ ಮಾತ್ರ. ಅದರ ಪರಿಹಾರದ ದುಡ್ಡು ಇವತ್ತಿಗೂ ನಮ್ಮ ಮನೆಯಲ್ಲಿ ತೇಲುತ್ತಿದೆ.

ಸಡಾ ಕಾಕಾ: ಅಕ್ಕಾ, ಆ ಮಾತು ಇಲ್ಲಿ ಬೇಡ. ಮುಳುಗಡೆ ದುಡ್ಡಿನಲ್ಲೇ ನಿನ್ನ ಮದುವೆ ಆದದ್ದು.

ಬೈನಾ ಅತ್ತಿ: ನನ್ನ ಮದುವೆ 1984ರಲ್ಲಿ. ಮುಳುಗಡೆ ದುಡ್ಡು ಬಂದಾಗ ನನ್ನ ಮಗ ಶಾಲೆಗೆ ಹೋಗುತ್ತಿದ್ದ. ವಿಂಚ್ ಓಡಿಸಿದರೆ ಸಾಲದು, ಲೆಕ್ಕವೂ ಬರಬೇಕು.

ತಂಗಿ ಇದಕ್ಕೆ ಒಂದು ಹೆಬ್ಬೆಟ್ಟು ಹಾಕಿದಳು. ಹಾಕಬಾರದಿತ್ತು.

ಬೈನಾ ಅತ್ತಿ: 2004ರ ಮಳೆಯಲ್ಲಿ ಬೈನಾದ ಮನೆಗಳನ್ನು ಕೆಡವಿದಾಗ ನಾನು ಮಕ್ಕಳನ್ನು ಕರೆದುಕೊಂಡು ನಿನ್ನ ಕ್ವಾರ್ಟರ್ಸಿಗೆ ಬಂದೆ. ನಾಲ್ಕನೇ ದಿನ ನಿನ್ನ ಹೆಂಡತಿ ಗ್ಯಾಸ್ ಮುಗಿದಿದೆ ಅಂದಳು.

ಗ್ಯಾಸ್ ನಿಜವಾಗಿಯೂ ಮುಗಿದಿತ್ತು ಅಂತ ಕಾಕು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಅವರೂ ಗುಂಪಿನಲ್ಲಿದ್ದಾರೆ. ಒಂದಕ್ಷರ ಬರೆಯಲಿಲ್ಲ. 

ಮಧ್ಯಾಹ್ನ ಕಾಕಾ ಏಳು ನಿಮಿಷದ ವಾಯ್ಸ್ ಮೆಸೇಜು ಹಾಕಿದರು. ಮೊದಲ ಎರಡು ನಿಮಿಷ ಬರೀ ಕುಕ್ಕರ್ ಸೀಟಿ. ಯಾರೂ ಕೇಳಿಲ್ಲ ಅಂತ ನನಗೆ ಗೊತ್ತು, ಯಾಕೆಂದರೆ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಗಿರಾಕಿ ಇರಲಿಲ್ಲ, ನಾನು ಪೂರ್ತಿ ಕೇಳಿದೆ.

ಅದರಲ್ಲಿ ಕಾಕಾ ಗ್ಯಾಸಿನ ಮಾತೇ ಎತ್ತಿಲ್ಲ. ಹಾರ್ಬರಿನ ಮಾತಾಡಿದ್ದಾರೆ. ಅದಿರು ಜೋರಾಗಿ ಹೋಗುತ್ತಿದ್ದ ಕಾಲದಲ್ಲಿ, 2010–11ರಲ್ಲಿ, ವರ್ಷಕ್ಕೆ ಸುಮಾರು 5 ಕೋಟಿ ಟನ್ ಮಾಲು ದಾಟುತ್ತಿತ್ತು. ಅದಿರು ಹೊತ್ತು ತರುವ ಬಾರ್ಜು ದೋಣಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. 2012ರಲ್ಲಿ ಗಣಿ ನಿಂತಿತು, ಬಾರ್ಜು ನಿಂತವು, ಗ್ಯಾಂಗಿನ ಹುಡುಗರು ಒಬ್ಬೊಬ್ಬರೇ ಊರಿಗೆ ಹೋದರು. ಉಳಿದದ್ದು ಕಲ್ಲಿದ್ದಲು. ಹಡಗಿನಿಂದ ಇಳಿಯುತ್ತದೆ, ರೈಲು ಹತ್ತುತ್ತದೆ, ಘಟ್ಟ ಏರಿ ನಮ್ಮ ಬಳ್ಳಾರಿ ಕಡೆಗೇ ಹೋಗುತ್ತದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ. ‘ಬೈಯಬೇಕು ಅಂದರೆ ಯಾರಿಗೆ ಬೈಯಲಿ, ಉಕ್ಕು ಕಾಯುವುದು ನಮ್ಮ ನಾಡಿನಲ್ಲೇ’ ಅಂತ ನಗುತ್ತಾರೆ. ನಗು ಕೆಮ್ಮಿಗೆ ತಿರುಗುತ್ತದೆ.

ಆಮೇಲೆ 2017ರ ಮಾತು. ಕಲ್ಲಿದ್ದಲು ಹೆಚ್ಚಿಸುವ ಯೋಜನೆಗಳ ಬಗ್ಗೆ ಆ ವರ್ಷದ ಬೇಸಿಗೆಯಲ್ಲಿ ವಾಸ್ಕೊದಲ್ಲಿ ಜನರ ಅಹವಾಲು ಸಭೆ ನಡೆಯಿತು. ದಿನಗಟ್ಟಲೆ ನಡೆಯಿತು. ಕಾಕಾ ಎರಡು ದಿನ ಹೋಗಿದ್ದರಂತೆ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಚೀಟಿಯಲ್ಲಿ ಹೇಳಬೇಕಾದದ್ದನ್ನು ಬರೆದುಕೊಂಡಿದ್ದರಂತೆ. ಕೊಂಕಣಿಯಲ್ಲೇ ಬರೆದುಕೊಂಡಿದ್ದರು, ಕನ್ನಡ ಅಕ್ಷರದಲ್ಲಿ.

‘ಎದ್ದು ನಿಂತರೆ ಯಾರಾದರೂ ಘಾಟಿ, ಘಟ್ಟದ ಮೇಲಿನವನು ಅಂದಾರು ಅಂತ ಕೂತುಬಿಟ್ಟೆ. ಐವತ್ತು ವರ್ಷ ಆಯಿತು ಇಲ್ಲಿಗೆ ಬಂದು. ಊರಿನವರಿಗೆ ದುಡ್ಡು ಅಂತಾರಲ್ಲ, ಆ ಊರಿನವರು ಅನ್ನುವುದರಲ್ಲಿ ನಾನು ಇದ್ದೇನಾ?’

ಇಲ್ಲಿಗೆ ಮೆಸೇಜು ಕಟ್ ಆಗಿದೆ. ಬೆರಳು ಜಾರಿರಬೇಕು.

ಇದನ್ನು ಬರೆದು ಗುಂಪಿಗೆ ಹಾಕೋಣ ಅಂದುಕೊಂಡೆ. ಅಷ್ಟರಲ್ಲಿ ಪುಣೆ ಅಣ್ಣ ‘ನಾನು ಸುಮ್ನೆ ತಮಾಷೆಗೆ ಹಾಕಿದ್ದು’ ಅಂದ. ತಂಗಿ ‘ತಮಾಷೆ ಅಂತ ಎಲ್ಲಿ ಬರೆದಿದೆ’ ಅಂದಳು. ಹುಬ್ಬಳ್ಳಿಯವನು ಅಜ್ಜಿಯ ಹಳೆಯ ಫೋಟೊ ಹಾಕಿದ. ಫೋಟೊದ ಅಂಚಿನಲ್ಲಿ ಇರುವುದು ಯಾರ ಕೈ ಅಂತ ಹೊಸ ಮಾತು ಹುಟ್ಟಿತು. ನಾನು ಹಾಕಲಿಲ್ಲ.

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬೈನಾ ಅತ್ತಿ ಮೆಟ್ಟಿಲ ಮೇಲೆ ಕೂತಿದ್ದರು. ಬೈನಾ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಇರುವುದು ಮಾಂಗೋರ್ ಹಿಲ್‌ನಲ್ಲಿ. ಹೆಸರು ಮಾತ್ರ ಬಿಟ್ಟಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮುಳುಗಡೆ ಪರಿಹಾರದ ಹಳೆ ಕಾಗದ. ಮಡಿಕೆಯಲ್ಲಿ ಹರಿದಿತ್ತು. ಗಾಜಿನ ಮೇಲೆ ಮೆಲ್ಲಗೆ ಬಿಡಿಸಿ ಇಟ್ಟೆ.

‘ಮೂರು ಕಾಪಿ ಮಾಡು. ಒಂದು ನಿಮ್ಮ ಕಾಕಾಗೆ. ಫೋಟೊ ತೆಗೆದು ಗುಂಪಿಗೂ ಹಾಕು. ಪುರಾವೆ ಪುರಾವೆ ಅಂತಾಳಲ್ಲ ನಿನ್ನ ತಂಗಿ, ನೋಡಲಿ.’

‘ಅತ್ತಿ, ಕಾಕಾ ನಿನ್ನೆ ವಾಯ್ಸ್ ಮೆಸೇಜು ಹಾಕಿದ್ದರು. ಕೇಳಿದಿರಾ?’

‘ಅವನದೇನು ಕೇಳುವುದು? ಆಗಲೇ ಹೇಳಿದ್ದೆ ಅಂದಿರುತ್ತಾನೆ.’

ನಾನು ಫೋಟೊ ಹಾಕಿದೆ. ಎರಡೇ ನಿಮಿಷಕ್ಕೆ ತಂಗಿಯ ಉತ್ತರ ಬಂತು.

ತಂಗಿ: ಒಂದನೇ ಪುಟ ಇದೆ, ಎರಡನೆಯದಿದೆ. ಮೂರನೇ ಪುಟ ಎಲ್ಲಿ?